ವೆಬರ್ ಓದುವಾಗ ಸಿಗುವ ಬ್ಯಾಕ್ಸ್‌ಟರ್‌ನನ್ನು ಮೂಲದಲ್ಲೇ ಓದಬೇಕೇ? ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ಎಂ.ಎ. ಸಮಾಜಶಾಸ್ತ್ರಕ್ಕೆ ಮ್ಯಾಕ್ಸ್ ವೆಬರ್ (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಧರ್ಮ ಬಂಡವಾಳಶಾಹಿಯ ಮನೋಭಾವಕ್ಕೆ ದಾರಿ ಮಾಡಿತು ಎಂದ ಜರ್ಮನ್ ಚಿಂತಕ) ಓದುತ್ತಿದ್ದೀರಿ, ಅಡಿಟಿಪ್ಪಣಿಗಳಲ್ಲೆಲ್ಲ ರಿಚರ್ಡ್ ಬ್ಯಾಕ್ಸ್‌ಟರ್ ಎಂಬ ಪ್ಯೂರಿಟನ್ (ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧ ಮಾಡಬೇಕೆನ್ನುತ್ತಿದ್ದ ಪ್ರೊಟೆಸ್ಟಂಟ್ ಪಂಗಡದ) ಪಾದ್ರಿ ಇಣುಕುತ್ತಾನೆ, ‘ದುಡಿ, ದುಡ್ಡು ಮಾಡು’ ಅನ್ನುವುದು ಬಿಟ್ಟು ಈ ಮನುಷ್ಯನಿಗೆ ಬೇರೇನಾದರೂ ಹೇಳುವುದಿತ್ತೇ?

ಪರೀಕ್ಷೆಗಾದರೆ ಓದಬೇಕಿಲ್ಲ. ವೆಬರ್ ಎತ್ತಿಕೊಟ್ಟಿರುವ ಸಾಲುಗಳು ಸಾಕು, ಅಂಕ ಬರುತ್ತದೆ. ನಾನು ಇಪ್ಪತ್ತೆಂಟು ವರ್ಷ ಡಿಗ್ರಿ ಕಾಲೇಜಿನಲ್ಲಿ ಇದೇ ಪಾಠ ಮಾಡಿದವನು. ವರ್ಷ ವರ್ಷವೂ ಬೋರ್ಡಿನ ಮೇಲೆ ‘ಬ್ಯಾಕ್ಸ್‌ಟರ್’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಅವನ ಒಂದು ಪುಟವನ್ನೂ ಓದಿರಲಿಲ್ಲ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಓದಲು ಕೂತೆ. ಅಷ್ಟು ವರ್ಷ ಮಕ್ಕಳಿಗೆ ಅರ್ಧ ಮನುಷ್ಯನನ್ನು ತೋರಿಸಿ ಕಳಿಸಿದ್ದೆ ಅನ್ನಿಸಿತು. ಆ ಸಾಲ ತೀರಿಸುವ ಹಾಗೆ ಈ ಉತ್ತರ, ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಈತ ಹುಟ್ಟಿದ್ದು 1615ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯಲ್ಲಿ. 1641ರಲ್ಲಿ ಕಿಡ್ಡರ್‌ಮಿನ್‌ಸ್ಟರ್ ಎಂಬ ನೇಕಾರರ ಊರಿಗೆ ಉಪದೇಶಕನಾಗಿ ಹೋದ. ಮರುವರ್ಷವೇ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಪಾರ್ಲಿಮೆಂಟಿನ ಸೈನ್ಯದಲ್ಲಿ ಪಾದ್ರಿಯಾಗಿದ್ದ. 1647ರ ಆರಂಭದಲ್ಲಿ, ಊರಿನಿಂದ ದೂರ ಇದ್ದಾಗ, ಮೂಗಿನಿಂದ ರಕ್ತ ಸುರಿಯತೊಡಗಿ ಹಾಸಿಗೆ ಹಿಡಿದ. ಉಳಿಯುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಹತ್ತಿರ ಇದ್ದದ್ದು ಒಂದು ಬೈಬಲ್, ಅದರ ಪದಸೂಚಿ, ಅಷ್ಟೇ. ಸಾಯುವುದು ಹೇಗೂ ಖಚಿತ, ಹೋಗುವ ಜಾಗದ ಬಗ್ಗೆಯಾದರೂ ಸರಿಯಾಗಿ ಯೋಚಿಸೋಣ ಎಂದುಕೊಂಡು ತನ್ನದೇ ಉತ್ತರಕ್ರಿಯೆಯ ಉಪದೇಶದಂತೆ ಏನೋ ಬರೆಯಲು ಶುರು ಮಾಡಿದ. ಸಾವು ಬರಲಿಲ್ಲ, ಬರಹ ನಿಲ್ಲಲಿಲ್ಲ. 1650ರಲ್ಲಿ ಅದು ‘ದಿ ಸೇಂಟ್ಸ್ ಎವರ್‌ಲಾಸ್ಟಿಂಗ್ ರೆಸ್ಟ್’ ಎಂಬ ದಪ್ಪ ಪುಸ್ತಕವಾಗಿ ಹೊರಬಂತು. ಸೇಂಟ್ಸ್ ಅಂದರೆ ಇಲ್ಲಿ ಪವಾಡಪುರುಷರಲ್ಲ, ದೇವರನ್ನು ನಂಬಿದ ಸಾಮಾನ್ಯ ಭಕ್ತರು. ಅವರಿಗೆ ಕೊನೆಯಲ್ಲಿ ಸಿಗುವ ವಿಶ್ರಾಂತಿಯೇ ವಿಷಯ. ಬ್ಯಾಕ್ಸ್‌ಟರ್ ಹಾಗೆ ಹಾಸಿಗೆ ಹಿಡಿದ ಮೇಲೆ ನಲವತ್ತನಾಲ್ಕು ವರ್ಷ ಬದುಕಿದ, ಬಹುತೇಕ ಅಷ್ಟೂ ವರ್ಷ ಏನಾದರೊಂದು ಕಾಯಿಲೆಯ ಜೊತೆಗೇ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ವೆಬರ್‌ನ ‘ಪ್ರೊಟೆಸ್ಟಂಟ್ ಎಥಿಕ್’ ಪುಸ್ತಕದ ಕೊನೆಯ ಪುಟಗಳಲ್ಲಿ ಆ ಪ್ರಸಿದ್ಧ ಮಾತು ಬರುತ್ತದಲ್ಲ: ಲೋಕದ ಸಂಪತ್ತು ಭಕ್ತನ ಹೆಗಲ ಮೇಲೆ ಬೇಕೆಂದಾಗ ಕಿತ್ತೆಸೆಯಬಹುದಾದ ಹಗುರ ಹೊದಿಕೆಯಂತೆ ಇರಬೇಕೆಂದು ಬ್ಯಾಕ್ಸ್‌ಟರ್ ಬಯಸಿದ್ದ, ವಿಧಿ ಅದನ್ನು ಕಬ್ಬಿಣದ ಪಂಜರ ಮಾಡಿತು. ಪಂಜರ ಎಲ್ಲರಿಗೂ ನೆನಪಿರುತ್ತದೆ. ಹೊದಿಕೆ ಬಂದದ್ದು ಈ ಕಾಯಿಲೆಯ ಪುಸ್ತಕದಿಂದ. ಲೋಕದ ವಸ್ತುಗಳನ್ನು ಮೇಲುಡುಪಿನ ಹಾಗೆ ಸಡಿಲವಾಗಿ ಹಾಕಿಕೊಂಡಿರು, ಅಗತ್ಯ ಬಿದ್ದಾಗ ತೆಗೆದಿಡಲು ಬರಬೇಕು ಎನ್ನುತ್ತಾನೆ. ನಮ್ಮ ಕಡೆ ಹೇಳುವುದಾದರೆ ಹೆಗಲ ಮೇಲಿನ ಶಲ್ಯ. ಹಾಸಿಗೆಯಲ್ಲಿ ಮಲಗಿ, ಇನ್ನೇನು ಎಲ್ಲವನ್ನೂ ತೆಗೆದಿಡಬೇಕಾಗಿದೆ ಎಂದು ನಂಬಿದ್ದವನ ಬಾಯಲ್ಲಿ ಈ ಹೋಲಿಕೆ ಬಂದಿದೆ ಎನ್ನುವುದು ಗೊತ್ತಾದ ಮೇಲೆ ನನಗೆ ವೆಬರ್‌ನ ಆ ಪುಟವೇ ಬೇರೆಯಾಗಿ ಕೇಳಿಸತೊಡಗಿತು.

ಯುದ್ಧದಿಂದ ಮರಳಿದ ಮೇಲೆ ಬ್ಯಾಕ್ಸ್‌ಟರ್ 1660ರವರೆಗೂ ಕಿಡ್ಡರ್‌ಮಿನ್‌ಸ್ಟರ್‌ನಲ್ಲಿ ಕೆಲಸ ಮಾಡಿದ. ಈ ಅವಧಿಯ ಪುಸ್ತಕ ‘ದಿ ರಿಫಾರ್ಮ್‌ಡ್ ಪಾಸ್ಟರ್’. 1655ರ ಡಿಸೆಂಬರಿನಲ್ಲಿ ವೂಸ್ಟರ್‌ನಲ್ಲಿ ಪಾದ್ರಿಗಳ ಸಭೆಯೊಂದಕ್ಕೆ ಉಪದೇಶ ಸಿದ್ಧ ಮಾಡಿದ್ದ, ಮತ್ತೆ ಆರೋಗ್ಯ ಕೈಕೊಟ್ಟಿತು, ಹೋಗಲಾಗಲಿಲ್ಲ. ಅದನ್ನೇ ಬೆಳೆಸಿ 1656ರಲ್ಲಿ ಅಚ್ಚು ಹಾಕಿಸಿದ. (ಈತನ ಆರೋಗ್ಯ ಚೆನ್ನಾಗಿದ್ದಿದ್ದರೆ ಅರ್ಧ ಪುಸ್ತಕಗಳು ಹುಟ್ಟುತ್ತಿರಲಿಲ್ಲವೇನೋ.) ಪಾದ್ರಿಗಳ ಸೋಮಾರಿತನ, ಜಂಬ, ದುಡ್ಡಿನ ಆಸೆ, ಎಲ್ಲದಕ್ಕೂ ಅದರಲ್ಲಿ ಛಡಿಯೇಟಿದೆ. ನನಗೆ ಹಿಡಿಸಿದ್ದು ಕೆಲಸದ ಲೆಕ್ಕ. ಊರಿನಲ್ಲಿ ಎಂಟುನೂರಕ್ಕೂ ಹೆಚ್ಚು ಕುಟುಂಬ. ಸೋಮವಾರ, ಮಂಗಳವಾರ ಬೆಳಗಿನಿಂದ ಹೆಚ್ಚುಕಡಿಮೆ ಕತ್ತಲಾಗುವವರೆಗೂ ತಾನೂ ಸಹಾಯಕನೂ ಕೂತು ವಾರಕ್ಕೆ ಹದಿನೈದು ಹದಿನಾರು ಮನೆಗಳವರ ಜೊತೆ ಮಾತಾಡುವುದು, ವರ್ಷದಲ್ಲಿ ಇಡೀ ಊರು ಮುಗಿಸುವುದು. ಹತ್ತು ವರ್ಷ ಉಪದೇಶ ಕೇಳಿಯೂ ತಲೆಗೆ ಹತ್ತದವರಿಗೆ ಅರ್ಧ ಗಂಟೆ ಎದುರು ಕೂತು ಮಾತಾಡಿದಾಗ ಹತ್ತಿದ್ದನ್ನು ಕಂಡಿದ್ದೇನೆ ಎಂದು ಬರೆಯುತ್ತಾನೆ. ಮೇಷ್ಟ್ರ ಕೆಲಸ ಮಾಡಿದ ಯಾರಿಗಾದರೂ ಈ ಮಾತು ಚುಚ್ಚುತ್ತದೆ. ನನಗಂತೂ ಚುಚ್ಚಿತು.

ಜನ ಓದಬೇಕು ಎನ್ನುವ ಹಠವೂ ಅಷ್ಟೇ ಇತ್ತು. ನೇಕಾರರು ಮಗ್ಗದ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ನೇಯುತ್ತಲೇ ಓದುತ್ತಾರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ತನ್ನ ಪುಸ್ತಕಗಳಿಗೆ ಪ್ರಕಾಶಕರಿಂದ ಹದಿನೈದು ಪ್ರತಿಗೆ ಒಂದರಂತೆ ಪ್ರತಿಗಳನ್ನೇ ಪಡೆದು ಊರಿನವರಿಗೆ ಹಂಚುತ್ತಿದ್ದ. ಬೈಬಲ್ ಕೊಳ್ಳಲಾಗದ ಮನೆಗಳಿಗೆ ಬೈಬಲ್ ಕೊಡಿಸಿದ. ಊರಲ್ಲಿ ವೈದ್ಯರಿಲ್ಲದ ಐದಾರು ವರ್ಷ ಕಾಸು ತೆಗೆದುಕೊಳ್ಳದೆ ಔಷಧವನ್ನೂ ಕೊಟ್ಟ. 1658ರ ‘ಎ ಕಾಲ್ ಟು ದಿ ಅನ್‌ಕನ್ವರ್ಟೆಡ್’ ಎಂಬ ಚಿಕ್ಕ ಪುಸ್ತಕ ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಸುಮಾರು ಇಪ್ಪತ್ತು ಸಾವಿರ ಪ್ರತಿ ಅಚ್ಚಾಯಿತು ಎಂದು ಅವನೇ ಬರೆದಿದ್ದಾನೆ. 1664ರಲ್ಲಿ ಜಾನ್ ಎಲಿಯಟ್ ಎಂಬ ಮಿಷನರಿ ಅದನ್ನು ಅಮೆರಿಕದ ಮೂಲನಿವಾಸಿಗಳ ಮ್ಯಾಸಚೂಸೆಟ್ ಭಾಷೆಗೆ ಅನುವಾದಿಸಿದ.

ಈಗ ವೆಬರ್ ಹೆಚ್ಚಾಗಿ ಕೆದಕಿದ ‘ಎ ಕ್ರಿಶ್ಚಿಯನ್ ಡೈರೆಕ್ಟರಿ’ಗೆ ಬರೋಣ. ಹತ್ತು ಲಕ್ಷಕ್ಕೂ ಮೇಲ್ಪಟ್ಟ ಪದಗಳ ಬೃಹದ್ಗ್ರಂಥ, 1673ರಲ್ಲಿ ಅಚ್ಚಾಯಿತು. ಬರೆದದ್ದು ಮಾತ್ರ ಅದಕ್ಕೂ ಎಂಟೊಂಬತ್ತು ವರ್ಷ ಹಿಂದೆ, ಪೀಠ ಕಳೆದುಕೊಂಡು ಕೂತಿದ್ದಾಗ. ಆ ಯುದ್ಧದಲ್ಲಿ ಬಿದ್ದುಹೋಗಿದ್ದ ರಾಜಪ್ರಭುತ್ವ ಮರಳಿ ಬಂದ ಮೇಲೆ 1662ರ ಕಾಯ್ದೆ, ಎಲ್ಲರೂ ಒಂದೇ ಪ್ರಾರ್ಥನಾ ಪುಸ್ತಕಕ್ಕೆ ಒಪ್ಪಿಗೆ ಕೊಡಬೇಕು ಎಂದಿತು. ಒಪ್ಪದ ಸುಮಾರು ಎರಡು ಸಾವಿರ ಪಾದ್ರಿಗಳು ಒಟ್ಟಾರೆ ಹೊರಬಿದ್ದರು. ಅದಕ್ಕೆ ಮುಂಚೆ ಬ್ಯಾಕ್ಸ್‌ಟರ್‌ಗೆ ಹೆರೆಫರ್ಡಿನ ಬಿಷಪ್ ಪದವಿ ಕರೆದು ಕೊಡಲು ಬಂದಿದ್ದರು, ಬೇಡ ಎಂದಿದ್ದ. ಡೈರೆಕ್ಟರಿಯಲ್ಲಿ ನಾಲ್ಕು ಭಾಗ: ವ್ಯಕ್ತಿ, ಮನೆ, ಚರ್ಚು, ರಾಜ್ಯ. ಸಮಯ ಹೇಗೆ ಕಳೆಯಬೇಕು, ಆಳಿನ ಜೊತೆ ಹೇಗಿರಬೇಕು, ಮಾರುವಾಗ ಬೆಲೆ ಹೇಗೆ ಹೇಳಬೇಕು, ಒಂದೂ ಬಿಟ್ಟಿಲ್ಲ. ಪೂರ್ತಿ ಓದಿದೆ ಎಂದು ಸುಳ್ಳು ಹೇಳಲಾರೆ; ಬೇಕಾದಲ್ಲಿ ತೆಗೆದು ನೋಡಿದೆ.

ನಾವೆಲ್ಲ ನೋಟ್ಸಿನಲ್ಲಿ ಬರೆಸುವ ಸಾಲು ಅದರಲ್ಲೇ ಇದೆ: ದೇವರು ಹೆಚ್ಚು ಲಾಭದ ದಾರಿ ತೋರಿಸಿದಾಗ ನೀನು ಕಡಿಮೆ ಲಾಭದ್ದನ್ನು ಆರಿಸಿಕೊಂಡರೆ ನಿನ್ನ ಕಾಯಕದ ಗುರಿಗೇ ಅಡ್ಡ ಹೋದಂತೆ. ಆದರೆ ಆ ಸಾಲಿನ ನಡುವೆಯೇ ಒಂದು ಷರತ್ತಿದೆ: ನಿನ್ನ ಆತ್ಮಕ್ಕಾಗಲಿ ಇನ್ನೊಬ್ಬರಿಗಾಗಲಿ ಕೇಡಾಗದಿದ್ದರೆ. ವೆಬರ್ ಇದನ್ನು ಕೈಬಿಟ್ಟಿಲ್ಲ, ಪ್ರಾಮಾಣಿಕವಾಗಿ ಉದ್ಧರಿಸಿದ್ದಾನೆ. ಕೈಬಿಟ್ಟವನು ನಾನು, ಬೋರ್ಡಿನ ಮೇಲೆ ಜಾಗ ಸಾಲದೆ. ಬ್ಯಾಕ್ಸ್‌ಟರ್ ಮಾತ್ರ ಆ ಷರತ್ತನ್ನೇ ಹಿಡಿದು ಪುಟಗಟ್ಟಲೆ ಬರೆಯುತ್ತಾನೆ. ವಸಾಹತುಗಳ ಯಜಮಾನರಿಗೆ ಹೇಳುವ ಅಧ್ಯಾಯದಲ್ಲಿ, ನಿಮಗೇನೂ ಮಾಡದ ಆಫ್ರಿಕಾದ ಬಡವರನ್ನು ಕಡಲ್ಗಳ್ಳರಂತೆ ಹಿಡಿದು ಮಾರುವುದು ಲೋಕದ ಅತಿ ಕೆಟ್ಟ ಕಳ್ಳತನಗಳಲ್ಲಿ ಒಂದು ಎಂದು ನೇರವಾಗಿ ಬೈಯುತ್ತಾನೆ. ಹಾಗಂತ ಗುಲಾಮಗಿರಿಯನ್ನೇ ಬೇಡ ಎಂದನೇ? ಇಲ್ಲ. ಅಪರಾಧದಿಂದ ಸ್ವಾತಂತ್ರ್ಯ ಕಳೆದುಕೊಂಡವರನ್ನು ಇಟ್ಟುಕೊಳ್ಳಬಹುದು ಎಂದು ಬಾಗಿಲು ತೆರೆದೇ ಇಡುತ್ತಾನೆ. ಮಾಟಗಾತಿಯರನ್ನೂ ನಂಬುತ್ತಿದ್ದ, 1691ರಲ್ಲಿ, ಸಾಯುವ ವರ್ಷ, ದೆವ್ವ ಪಿಶಾಚಿಗಳು ನಿಜವೆಂದು ಸಾಧಿಸುವ ಪುಸ್ತಕವೊಂದನ್ನು ತಂದ. ಅವನನ್ನು ನಮ್ಮ ಕಾಲದ ಉದಾರವಾದಿ ಮಾಡಲು ಹೊರಡುವವರಿಗೆ ಈ ಪುಸ್ತಕ ಓದಿ ಎನ್ನುತ್ತೇನೆ.

ಓದಲು ತುಂಬ ಖುಷಿ ಕೊಡುವುದು ಹೆಂಡತಿಯ ಬಗ್ಗೆ ಬರೆದದ್ದು. ಮಾರ್ಗರೆಟ್ ಚಾರ್ಲ್‌ಟನ್ ಶ್ರೀಮಂತರ ಮನೆಯ ಹುಡುಗಿ, ಇವನಿಗಿಂತ ಇಪ್ಪತ್ತು ವರ್ಷಕ್ಕೂ ಚಿಕ್ಕವಳು. ಪೀಠ ಹೋದ ಅದೇ 1662ರಲ್ಲಿ ಮದುವೆ. ಬ್ಯಾಕ್ಸ್‌ಟರ್ ಷರತ್ತು ಹಾಕಿದ: ನಿನ್ನ ಆಸ್ತಿ ನನಗೆ ಬೇಡ, ನಿನ್ನ ಕೋರ್ಟು ಕಚೇರಿ ವ್ಯವಹಾರ ನನ್ನ ಕೊರಳಿಗೆ ಬರಬಾರದು, ಉಪದೇಶದ ಕೆಲಸಕ್ಕೆ ಬೇಕಾದ ಸಮಯವನ್ನು ನೀನು ಕೇಳಬಾರದು. ಅವಳು ಒಪ್ಪಿದಳು. 1681ರಲ್ಲಿ ತೀರಿಕೊಂಡಳು, ಅದೇ ವರ್ಷ ಅವಳ ಜೀವನಕಥೆ ಬರೆದ. ಅದರಲ್ಲಿ ಅವಳು ತನ್ನ ಬಗ್ಗೆ ಹೇಳುತ್ತಿದ್ದ ದೂರನ್ನೂ ಮುಚ್ಚಿಡದೆ ಬರೆದಿದ್ದಾನೆ: ಇಷ್ಟೊಂದು ಪುಸ್ತಕ ಬರೆಯುವ ಬದಲು ಕಡಿಮೆ ಬರೆದು, ಬರೆದದ್ದನ್ನು ಇನ್ನಷ್ಟು ಚೆನ್ನಾಗಿ ಬರೆಯಬಹುದಿತ್ತು! ನೂರಕ್ಕೂ ಹೆಚ್ಚು ಪುಸ್ತಕ ಬರೆದ ಗಂಡನಿಗೆ ಇದಕ್ಕಿಂತ ಒಳ್ಳೆಯ ವಿಮರ್ಶಕಿ ಸಿಗಲಿಲ್ಲ. ನಾಲ್ಕು ವರ್ಷದ ಮೇಲೆ, ಬೈಬಲಿನ ಹೊಸ ಒಡಂಬಡಿಕೆಗೆ ಅವನು ಬರೆದ ವ್ಯಾಖ್ಯಾನದಲ್ಲಿ ರಾಜದ್ರೋಹವಿದೆ ಎಂದು ವಿಚಾರಣೆ ನಡೆದಾಗ ನ್ಯಾಯಾಧೀಶ ಜೆಫ್ರೀಸ್ ಕೂಡ ಗಾಡಿ ತುಂಬುವಷ್ಟು ಪುಸ್ತಕ ಬರೆದಿದ್ದೀಯ ಎಂದು ಹೀಯಾಳಿಸಿದ. ಅವನು ಬಯ್ದದ್ದು ದ್ವೇಷದಿಂದ. ಎಪ್ಪತ್ತರ ಹತ್ತಿರದ ಮುದುಕನಿಗೆ ಐನೂರು ಮಾರ್ಕ್ (ಆಗಿನ ಇಂಗ್ಲೆಂಡಿನ ಹಣದ ಎಣಿಕೆ) ದಂಡ ಹಾಕಿದ. ಕಟ್ಟದೆ ಒಂದೂವರೆ ವರ್ಷದ ಹತ್ತಿರ ಸೆರೆಯಲ್ಲಿದ್ದು 1686ರ ನವೆಂಬರಿನಲ್ಲಿ ಹೊರಬಂದ.

ಎಲ್ಲಿಂದ ಶುರು ಮಾಡಬೇಕು ಅಂದಿರಿ. ಮಾರ್ಗರೆಟ್ಟಳ ಮಾತು ಕೇಳಿ, ಸಂಕ್ಷೇಪಗಳಿಂದ. ‘ಎವರ್‌ಲಾಸ್ಟಿಂಗ್ ರೆಸ್ಟ್’ ಅನ್ನು 1758ರಲ್ಲಿ ಬೆಂಜಮಿನ್ ಫಾಸೆಟ್ ಚಿಕ್ಕದು ಮಾಡಿದ್ದಾನೆ, ‘ರಿಫಾರ್ಮ್‌ಡ್ ಪಾಸ್ಟರ್’ ಅನ್ನು 1829ರಲ್ಲಿ ವಿಲಿಯಂ ಬ್ರೌನ್. ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವುದು ಹೇಗೆ ಎಂಬ ವಿವಾದದ ಪುಸ್ತಕಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಕಟ್ಟಾ ಕ್ಯಾಲ್ವಿನ್‌ವಾದಿಗಳಿಗೂ (ಯಾರಿಗೆ ಮೋಕ್ಷ ಎಂದು ದೇವರು ಮೊದಲೇ ನಿರ್ಧರಿಸಿದ್ದಾನೆ ಎನ್ನುವವರು) ಇವನಿಗೂ ಅದರ ಮೇಲೆ ಜೀವನವಿಡೀ ಜಗಳ, ಹೊರಗಿನವರಿಗೆ ಹುರುಳಿಲ್ಲ.

ಇನ್ನೊಂದನ್ನು ತಪ್ಪದೆ ಓದಿ. 1691ರಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು, ಸಿಕ್ಕಾಪಟ್ಟೆ ಗೇಣಿ ಎಳೆಯುವ ಜಮೀನುದಾರರ ಎದುರು ಬಡ ಒಕ್ಕಲಿನ ಪರವಾಗಿ ಅವನು ಒಂದು ಚಿಕ್ಕ ಬರಹ ಬರೆದ. ಕೋಳಿ ಇಟ್ಟ ಮೊಟ್ಟೆಯನ್ನು ಗೇಣಿದಾರ ತಾನು ತಿನ್ನುವಂತಿಲ್ಲ, ಮರದ ಸೇಬು ತಿನ್ನುವಂತಿಲ್ಲ, ಒಳ್ಳೆಯ ಬೆಣ್ಣೆಯೆಲ್ಲ ಗೇಣಿ ಕಟ್ಟಲು ಸಂತೆಗೆ ಹೋಗಬೇಕು, ಮಕ್ಕಳಿಗೆ ಉಳಿಯುವುದು ಕೆನೆ ತೆಗೆದ ಹಾಲು ಎಂದು ಒಂದೊಂದಾಗಿ ಎಣಿಸುತ್ತಾನೆ. ಇಷ್ಟು ದುಡಿದವನಿಗೆ ಬೈಬಲ್ ಓದಲು ಹೊತ್ತೆಲ್ಲಿ, ಗೇಣಿ ಇಳಿಸಿ ಎನ್ನುತ್ತಾನೆ. ದುಡಿಮೆಯನ್ನು ಹೊಗಳಿದ ಅದೇ ಕೈ ಇದನ್ನೂ ಬರೆದಿದೆ. ಆದರೆ ಅದು ಹಸ್ತಪ್ರತಿಯಾಗಿಯೇ ಉಳಿದಿತ್ತು. ಅಚ್ಚಾದದ್ದು 1926ರಲ್ಲಿ, ಆ ಹೊತ್ತಿಗೆ ವೆಬರ್ ತೀರಿಕೊಂಡು ಆರು ವರ್ಷವಾಗಿತ್ತು.