31ನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸು: ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟೋದಾ, ಓಪನ್ ಸ್ಕೂಲಾ?

ನಿಮ್ಮ ಪ್ರಶ್ನೆಯಲ್ಲಿ ಇಷ್ಟು ವಿಷಯ ಇದೆ: ವಯಸ್ಸು 31, ಕನ್ನಡ ಮೀಡಿಯಂನಲ್ಲಿ ಒಂಬತ್ತನೇ ಕ್ಲಾಸಿಗೆ ಓದು ನಿಂತಿತು, ಇಬ್ಬರು ಮಕ್ಕಳು, ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕುವ ಆಸೆ, ಲೆಕ್ಕ ಅಂದರೆ ಭಯ. ಹಾಗಾಗಿ ಎಸ್ಸೆಸ್ಸೆಲ್ಸಿ ಕಟ್ಟಬೇಕೋ, ಓಪನ್ ಸ್ಕೂಲ್ ಸೇರಬೇಕೋ ಎಂದು ಕೇಳಿದ್ದೀರಿ.

ನೀವು ಖಾಸಗಿ ಅಭ್ಯರ್ಥಿಯಾಗಿ, ಅಂದರೆ ಶಾಲೆಗೆ ಸೇರದೆ ಮನೆಯಲ್ಲೇ ಓದಿ, ಎಸ್ಸೆಸ್ಸೆಲ್ಸಿಯೇ ಕಟ್ಟಿ. ನಾನು ದಾವಣಗೆರೆ ಕಡೆಯವಳು, ಟೈಲರ್. ಮೂವತ್ತೈದು ದಾಟಿದ ಮೇಲೆ ಹಾಗೇ ಕಟ್ಟಿ ಪಾಸಾದೆ. ನಾನೂ ಲೆಕ್ಕಕ್ಕೆ ಹೆದರುತ್ತಿದ್ದವಳೇ.

ಓಪನ್ ಸ್ಕೂಲ್, ಅಂದರೆ ಎನ್‌ಐಓಎಸ್, ಒಳ್ಳೆಯ ದಾರಿಯೇ. ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾದದ್ದು. ಅದರ ಸರ್ಟಿಫಿಕೇಟಿಗೆ ಉಳಿದ ಬೋರ್ಡುಗಳಷ್ಟೇ ಬೆಲೆ ಇದೆ. ಐದು ವಿಷಯ ಪಾಸಾದರೆ ಸಾಕು, ಆ ಐದನ್ನು ನೀವೇ ಆರಿಸಿಕೊಳ್ಳಬಹುದು. ಗಣಿತ ಬೇಡ ಅಂದರೆ ಬಿಟ್ಟು ಗೃಹವಿಜ್ಞಾನ, ಚಿತ್ರಕಲೆ ಇಂಥವನ್ನು ತೆಗೆದುಕೊಳ್ಳಬಹುದು. ಒಂದು ಸಲ ಸೇರಿದರೆ ಐದು ವರ್ಷ ಸಮಯ ಇರುತ್ತದೆ, ವರ್ಷಕ್ಕೆ ಎರಡು ಪರೀಕ್ಷೆ ನಡೆಯುತ್ತವೆ. ಹೆಂಗಸರಿಗೆ ಶುಲ್ಕವೂ ಕಡಿಮೆ. ಗಣಿತ ನಿಜವಾಗಲೂ ಆಗುವುದೇ ಇಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಸೇರುವ ಮೊದಲು ನಿಮ್ಮ ಹತ್ತಿರದ ಕೇಂದ್ರದಲ್ಲಿ ಯಾವ ವಿಷಯಕ್ಕೆ ಯಾವ ಭಾಷೆಯ ಪುಸ್ತಕ ಸಿಗುತ್ತದೆ ಎಂದು ಕೇಳಿ. ಕನ್ನಡದಲ್ಲಿ ಓದಿದವರು ಇಂಗ್ಲಿಷ್ ಪುಸ್ತಕ ಹಿಡಿದು ಕೂತರೆ ವಿಷಯ ಗೊತ್ತಿದ್ದರೂ ಬರೆಯಲು ಆಗುವುದಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಆ ಚಿಂತೆ ಇಲ್ಲ. ಗಣಿತ, ವಿಜ್ಞಾನ, ಸಮಾಜ ಎಲ್ಲ ಕನ್ನಡದಲ್ಲೇ ಬರೆಯಬಹುದು. ಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪಕ್ಕದ ಮನೆಯ ಹುಡುಗ ಓದುವ ಪುಸ್ತಕವೇ ನಿಮ್ಮದೂ, ಹಾಗಾಗಿ ಗೊತ್ತಾಗದ್ದನ್ನು ಕೇಳಲು ಯಾರಾದರೂ ಸಿಕ್ಕೇ ಸಿಗುತ್ತಾರೆ. ಚಂದನ ವಾಹಿನಿಗೆ ಮಾಡಿದ ಸಂವೇದ ಪಾಠಗಳು ಯೂಟ್ಯೂಬಿನಲ್ಲಿವೆ. ನಾನು ಹೊಲಿಯುತ್ತಾ ಅವನ್ನೇ ಕೇಳುತ್ತಿದ್ದೆ.

ಇನ್ನು ಲೆಕ್ಕದ ಭಯ. ಅಂಬ್ರೆಲಾ ಕಟ್ ಲಂಗ ಹೊಲಿಯುವಾಗ ಸೊಂಟದ ಅಳತೆಯನ್ನು ಆರೂಕಾಲರಿಂದ ಭಾಗಿಸಿ, ಬಂದಷ್ಟು ಇಂಚಿಗೆ ನಾಲ್ಕು ಪದರ ಮಡಿಸಿದ ಬಟ್ಟೆಯ ಮೂಲೆಯಿಂದ ದುಂಡಗೆ ಗುರುತು ಹಾಕುತ್ತೇವೆ. 28 ಇಂಚು ಸೊಂಟಕ್ಕೆ ಸುಮಾರು ನಾಲ್ಕೂವರೆ ಇಂಚು. ನಮ್ಮ ಅಂಗಡಿಯ ಹಿರಿಯರು ಕಲಿಸಿದ್ದು, ಯಾಕೆ ಅಂತ ನಾನು ಕೇಳಿರಲಿಲ್ಲ. ಗಣಿತದ ಪುಸ್ತಕದಲ್ಲಿ ವೃತ್ತದ ಪರಿಧಿ 2πr ಅಂತ ನೋಡಿದ ದಿನ ಪುಸ್ತಕ ಅಲ್ಲೇ ಇಟ್ಟು ಟೇಪು ತೆಗೆದು ಲೆಕ್ಕ ಹಾಕಿದೆ. ಸೊಂಟವೇ ಪರಿಧಿ, ಆ ಆರೂಕಾಲು ಅಂದರೆ ಹೆಚ್ಚುಕಮ್ಮಿ ಎರಡು ಪೈ. ಇಷ್ಟು ವರ್ಷ ಕೈಯಲ್ಲಿ ಮಾಡುತ್ತಿದ್ದದ್ದೇ ಕಾಗದದ ಮೇಲೆ ಇತ್ತು. ಎಷ್ಟು ಖುಷಿಯಾಯಿತು ಅಂದರೆ, ಅವತ್ತಿನಿಂದ ಆ ಪುಸ್ತಕ ಬೇರೆಯವರದ್ದು ಅನ್ನಿಸಲೇ ಇಲ್ಲ. ನಿಮಗೂ ಇಂಥದ್ದು ಇರುತ್ತದೆ. ಚೀಟಿ ದುಡ್ಡಿನ ಲೆಕ್ಕ, ಸಂಘದ ಸಾಲದ ಬಡ್ಡಿ, ರೇಷನ್ ತೂಕ ಎಲ್ಲ ಮಾಡುವವರು ನೀವು. ಹದಿನಾರರ ಮಕ್ಕಳಿಗೆ ಬಾಯಿಪಾಠ ಆಗಬೇಕಾದ ಎಷ್ಟೋ ವಿಷಯ ನಿಮಗೆ ಅನುಭವದಲ್ಲೇ ಬಂದಿರುತ್ತದೆ.

ಪೂರ್ತಿ ಗಣಿತ ಕಲಿಯಲು ಸಮಯ ಸಿಗದಿದ್ದರೆ 'ಪಾಸಿಂಗ್ ಪ್ಯಾಕೇಜ್' ಹುಡುಕಿ. ಓದಿನಲ್ಲಿ ಹಿಂದಿರುವ ಮಕ್ಕಳಿಗಾಗಿ ನಮ್ಮ ಮೇಷ್ಟ್ರುಗಳೇ ಮಾಡುವ ಸಣ್ಣ ನೋಟ್ಸು ಅದು. ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯ, ಎರಡು ಸಮೀಕರಣಗಳ ನಕ್ಷೆ, ಸಮಾಂತರ ಶ್ರೇಢಿ, ಸರಾಸರಿ ಮತ್ತು ಮಧ್ಯಾಂಕ. ಇವನ್ನು ಕೈ ತಾನಾಗಿ ಬರೆಯುವ ತನಕ ಮಾಡಿ. ವಿಜ್ಞಾನದಲ್ಲಿ ಹೃದಯ, ಮೆದುಳು, ಹೂವಿನ ಚಿತ್ರ ಬಿಡಿಸಿ ಭಾಗ ಗುರುತಿಸಲು ಕಲಿಯಿರಿ. ಸಮಾಜದಲ್ಲಿ ಭಾರತದ ನಕ್ಷೆ ಬಿಡಬೇಡಿ.

ಪಾಸಿನ ನಿಯಮವೂ ಈಗ ಸ್ವಲ್ಪ ಸಡಿಲವಾಗಿದೆ. 2025-26ರಿಂದ ಒಟ್ಟು 625ಕ್ಕೆ 206 ಬರಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇಕಡಾ 30 ಇರಬೇಕು. ಆದರೆ ಶಾಲೆ ಮಕ್ಕಳಿಗೆ ಸಿಗುವ ಆಂತರಿಕ ಅಂಕ ನಮಗಿಲ್ಲ. ಎಲ್ಲ ಬರೆದೇ ಗಳಿಸಬೇಕು. ಒಂದೆರಡು ವಿಷಯ ಹೋದರೆ ಅಷ್ಟನ್ನೇ ಮತ್ತೆ ಕಟ್ಟಿದರಾಯಿತು. ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಇನ್ನೊಂದು ಅವಕಾಶ ಸಿಗುತ್ತದೆ, ವರ್ಷ ಹಾಳಾಗುವುದಿಲ್ಲ.

ಜಾಸ್ತಿ ಜನ ಎಡವುವುದು ಕಾಗದಪತ್ರದಲ್ಲಿ. ಮಾರ್ಚ್ ಪರೀಕ್ಷೆಗೆ ನೋಂದಣಿ ಹಿಂದಿನ ವರ್ಷವೇ ಮುಗಿದುಹೋಗುತ್ತದೆ. ಜೂನ್‌ನಿಂದಲೇ ನಿಮ್ಮ ಊರಿನ ಸರ್ಕಾರಿ ಹೈಸ್ಕೂಲಿಗೆ ಹೋಗಿ, ಖಾಸಗಿ ಅಭ್ಯರ್ಥಿಗಳ ನೋಂದಣಿ ಯಾವ ಶಾಲೆಯಲ್ಲಿ, ಯಾವಾಗ ಎಂದು ಹೆಡ್‌ಮಾಸ್ಟರ್ ಹತ್ತಿರ ಕೇಳುತ್ತಾ ಇರಿ. ಹಳೆಯ ಶಾಲೆಯಿಂದ ಟಿಸಿ ಈಗಲೇ ತೆಗೆಸಿ. ಅದರಲ್ಲಿರುವ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಅಕ್ಷರ ಅಕ್ಷರ ಹೊಂದುತ್ತದಾ ನೋಡಿ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು, ಇನಿಶಿಯಲ್ ಬದಲಾಗಿರುವುದು ತುಂಬಾ ಸಾಮಾನ್ಯ. ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದಿಸುವುದಕ್ಕಿಂತ ಮೊದಲೇ ಸರಿಮಾಡಿಕೊಳ್ಳುವುದು ಎಷ್ಟೋ ಸುಲಭ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. 'ಗ್ಯಾರಂಟಿ ಪಾಸ್, ಪರೀಕ್ಷೆಗೆ ನೀವು ಬರುವುದೂ ಬೇಡ' ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ದುಡ್ಡು ಕೊಡಬೇಡಿ. ಪರೀಕ್ಷಾ ಕೊಠಡಿಯಲ್ಲಿ ಈಗ ಕ್ಯಾಮೆರಾ ಇದೆ. ಅದಕ್ಕಿಂತ ಮುಖ್ಯವಾಗಿ, ಹೆಸರೇ ಕೇಳದ ಯಾವುದೋ ಬೋರ್ಡಿನ ಸರ್ಟಿಫಿಕೇಟು ತಂದುಕೊಟ್ಟರೆ ಕೆಲಸ ಸಿಕ್ಕ ಮೇಲೂ ಹೋಗುತ್ತದೆ. ಕಷ್ಟಪಟ್ಟು ಕೂಡಿಟ್ಟ ಹೆಂಗಸರ ದುಡ್ಡು ಹೀಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಓದಿಗಿಂತ ಬರವಣಿಗೆ ಕಷ್ಟ. ವರ್ಷಗಟ್ಟಲೆ ಸಹಿ, ಸಾಮಾನಿನ ಚೀಟಿ ಬಿಟ್ಟು ಏನೂ ಬರೆಯದ ಕೈ ಮೂರು ಗಂಟೆ ಬರೆಯುವುದಿಲ್ಲ. ಬೆರಳು ನೋಯುತ್ತದೆ, ಅಕ್ಷರ ಸೊಟ್ಟಗಾಗುತ್ತದೆ, ಉತ್ತರ ಗೊತ್ತಿದ್ದೂ ಸಮಯ ಸಾಲುವುದಿಲ್ಲ. ಮೊದಲ ತಿಂಗಳು ಬೇರೇನೂ ಆಗದಿದ್ದರೂ ದಿನಾ ಎರಡು ಪುಟ ನೋಡಿ ಬರೆಯಿರಿ. ಆಮೇಲೆ ಬೋರ್ಡಿನ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡು, ಎದ್ದೇಳದೆ ಪೂರ್ತಿ ಬರೆಯಿರಿ.

ಮನೆಯಲ್ಲಿ ಮುಚ್ಚಿಡಬೇಡಿ. ಪಾಸಾಗದಿದ್ದರೆ ನಗುತ್ತಾರೆ ಅಂತ ಎಷ್ಟೋ ಜನ ಗುಟ್ಟಾಗಿ ಓದುತ್ತಾರೆ. ಆದರೆ ಗುಟ್ಟಾಗಿ ಓದುವವಳಿಗೆ ಯಾರೂ ಒಂದು ಗಂಟೆ ಬಿಟ್ಟುಕೊಡುವುದಿಲ್ಲ, ಅಲ್ವಾ? 'ರಾತ್ರಿ ಒಂಬತ್ತರಿಂದ ಹತ್ತು ನಾನು ಓದುತ್ತೇನೆ, ಪಾತ್ರೆ ಆಮೇಲೆ' ಎಂದು ಹೇಳಿಬಿಡಿ. ನಮ್ಮ ಅತ್ತೆ ಮೊದಲು ಒಪ್ಪಲಿಲ್ಲ. ಹಾಲ್ ಟಿಕೆಟ್ ಬಂದ ಮೇಲೆ ಅವರೇ ಅಡುಗೆ ನೋಡಿಕೊಂಡರು.

ತಡ ಮಾಡಬೇಡಿ ಅನ್ನಲು ಒಂದು ಕಾರಣ ಇದೆ. ಸಹಾಯಕಿ ಹುದ್ದೆಗೆ ಹತ್ತನೇ ಕ್ಲಾಸು ಪಾಸಾಗಿರಬೇಕು, ಜೊತೆಗೆ ವಯಸ್ಸಿನ ಮಿತಿ 35. ಕಾರ್ಯಕರ್ತೆ ಆಗಬೇಕು ಅಂದರೆ ಪಿಯುಸಿಯೂ ಬೇಕು. ನಿಮಗೆ 31, ಎರಡಕ್ಕೂ ಸಮಯ ಇದೆ, ಆದರೆ ಇನ್ನೊಂದು ವರ್ಷ ಸುಮ್ನೆ ಕಳೆಯುವಷ್ಟಿಲ್ಲ. ಪಿಯುಸಿಯನ್ನೂ ಖಾಸಗಿಯಾಗಿ ಕಟ್ಟಬಹುದು. ನಾನೀಗ ಕಲಾ ವಿಭಾಗಕ್ಕೆ ಓದುತ್ತಿದ್ದೇನೆ. ಟಿಸಿಯಲ್ಲಿ ಹೆಸರಿನ ತೊಂದರೆ ಇದ್ದರೆ ಇಲ್ಲೇ ಕೆಳಗೆ ಬರೆಯಿರಿ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.