ವಿಜಯಪುರದಲ್ಲಿ ಕೂತು ಕನ್ನಡ ಬಲ್ಲ ಆನ್‌ಲೈನ್ ಕೌನ್ಸೆಲರ್ ಹುಡುಕೋದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಿಜಯಪುರದಲ್ಲಿ ರೂಮು ಮಾಡಿಕೊಂಡು ಕೋಚಿಂಗ್ ಕ್ಲಾಸಿಗೆ ಹೋಗ್ತಿದ್ದೀರಿ, ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಊರಲ್ಲಿ ಅಪ್ಪ-ಅವ್ವನಿಗೆ ಹೇಳೋ ಹಾಗಿಲ್ಲ, ಆನ್‌ಲೈನಲ್ಲಿ ಯಾರನ್ನು ನಂಬೋದು ಅಂತ ಕೇಳಿದ್ದೀರಿ. ಕೊನೆಗೆ "ಒಮ್ಮೊಮ್ಮೆ ಯಾಕಾದರೂ ಬದುಕಿದ್ದೀನೋ ಅನಿಸುತ್ತೆ" ಅಂತ ಒಂದು ಸಾಲು ಬರೆದಿದ್ದೀರಿ. ನಾನು ಆ ಸಾಲಿನಿಂದಲೇ ಶುರು ಮಾಡ್ತೀನಿ.

ಹಾಗೆ ಅನಿಸಿದ ರಾತ್ರಿ ಕೌನ್ಸೆಲರ್ ಹುಡುಕುತ್ತಾ ಕೂಡಬೇಡಿ. 14416ಕ್ಕೆ ಫೋನ್ ಹಚ್ಚಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್ ಅದು, 2022ರ ಅಕ್ಟೋಬರ್ 10ರಿಂದ ನಡೀತಿದೆ. ಹಗಲು-ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಕೌನ್ಸೆಲರ್ ಮಾತಾಡ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸ್ತಾರೆ. ಪಕ್ಕದಲ್ಲಿ ಮಲಗಿರೋ ರೂಮ್‌ಮೇಟನ್ನೂ ಎಬ್ಬಿಸಿ. ನಿದ್ದೆ ಕೆಟ್ಟಿತು ಅಂತ ಅವನೇನೂ ಬೇಜಾರಾಗಲ್ಲ.

ಈಗ ಹುಡುಕೋ ಮಾತು. ನಾನು ಬಾಗಲಕೋಟೆ ನವನಗರದವಳು, ಸಾಲಿ ಟೀಚರ್. ಅಪ್ಪ ತೀರಿಕೊಂಡ ವರ್ಷ ನನಗೂ ಇದೇ ಪಾಡು ಬಂದಿತ್ತು. ಜಾಹೀರಾತು ನೋಡಿ ಒಂದು ಆ್ಯಪಿಗೆ ಮೂರು ತಿಂಗಳ ಪ್ಯಾಕೇಜ್ ದುಡ್ಡು ಒಮ್ಮೆಲೇ ಕಟ್ಟಿದೆ. ನಾಲ್ಕು ವಾರದಲ್ಲಿ ಮೂರು ಜನ ಬದಲಾದರು. ಪ್ರತಿ ಸಲ ಅಪ್ಪ ಸತ್ತದ್ದನ್ನು ಮೊದಲಿನಿಂದ ಹೇಳಬೇಕು. ಉಳಿದ ದುಡ್ಡು ವಾಪಸ್ ಬರಲಿಲ್ಲ. ಹಾಗಾಗಿ ಮೊದಲು ಒಂದೇ ಒಂದು ಸೆಷನ್ನಿಗೆ ಕಟ್ಟಿ, ಮುಂದಿನ ಸಲವೂ ಇವರೇ ಸಿಗ್ತಾರಾ ಅಂತ ಕೇಳಿ.

ಆಮೇಲೆ ಸಿಕ್ಕವರು ಬೆಂಗಳೂರಿನವರು. ಓದಿಕೊಂಡವರು, ಒಳ್ಳೆಯವರು. ಆದರೆ ನಾನು "ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗತೈತ್ರಿ" ಅಂದರೆ, "ಊಟ ಆಗಿ ಎಷ್ಟು ಹೊತ್ತಾಯ್ತು?" ಅಂತ ಕೇಳಿದರು. ಅದರ ಅರ್ಥ ಬಿಡಿಸಿ ಹೇಳೋಷ್ಟರಲ್ಲಿ, ಬಂದಿದ್ದ ಅಳು ಹಿಂದಕ್ಕೆ ಹೋಗಿತ್ತು. ಅವರ ತಪ್ಪಲ್ಲ ಅದು. ಆದರೆ ಅವರಾದ ಮೇಲೆ ಹುಬ್ಬಳ್ಳಿ ಕಡೆಯವರೊಬ್ಬರು ಸಿಕ್ಕಾಗ, ಅದೇ ಮಾತಿಗೆ "ಯಾವಾಗಿಂದ್ರೀ ಅಕ್ಕಾರ?" ಅಂದರು. ಆವತ್ತು ನಾನು ಇಪ್ಪತ್ತು ನಿಮಿಷ ಅತ್ತೆ, ಅವರು ಸುಮ್ಮನೆ ಕೂತಿದ್ದರು. "ಕನ್ನಡ ಬರುತ್ತೆ" ಅಂತ ಪ್ರೊಫೈಲಿನಲ್ಲಿ ಬರೆದಿದ್ದರೆ ಸಾಲದು. ಹತ್ತು ನಿಮಿಷ ಫೋನಿನಲ್ಲಿ ನಿಮ್ಮ ಊರ ಮಾತಲ್ಲೇ ಮಾತಾಡಿ ನೋಡಿ. ಸಂಕೋಚ ಬೇಡ, ಇದನ್ನು ಕೇಳೋ ಹಕ್ಕು ನಿಮಗಿದೆ.

ಓದಿನ ವಿಷಯಕ್ಕೆ ಬಂದರೆ, ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಒಂದೇ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇರಬೇಕು. ಆ ನೋಂದಣಿಯ ನಂಬರ್, ಅಂದರೆ ಸಿಆರ್‌ಆರ್ ನಂಬರ್ ಕೇಳಿ, ಪರಿಷತ್ತಿನ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಿದ ಕೌನ್ಸೆಲರ್‌ಗಳಿಗೆ ಆ ನಂಬರ್ ಇರದೇ ಇರಬಹುದು, ಅವರಲ್ಲೂ ಒಳ್ಳೆಯವರಿದ್ದಾರೆ. ಎಲ್ಲಿ ತರಬೇತಿ ಆಯ್ತು, ಯಾರ ಕೈಕೆಳಗೆ ಕೆಲಸ ಮಾಡಿದ್ದೀರಿ ಅಂತ ಕೇಳಿ. ನೇರವಾಗಿ ಉತ್ತರ ಕೊಟ್ಟರೆ ಮುಂದುವರೀರಿ. ಎರಡು-ಮೂರು ವಾರದ ಕೋರ್ಸ್ ಮಾಡಿ "ಒಂದೇ ತಿಂಗಳಲ್ಲಿ ಗುಣ, ಗ್ಯಾರಂಟಿ" ಅನ್ನೋರ ಹತ್ತಿರ ಹೋಗಲೇಬೇಡಿ. ಗುಳಿಗೆ ಬರೆದುಕೊಡೋರು ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್. ನಾಲ್ಕು ತಿಂಗಳ ನಿದ್ದೆಗೇಡಿಗೆ ಒಮ್ಮೆ ಅವರನ್ನು ಕಾಣೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಮಾನಸಿಕ ಆರೋಗ್ಯ ವಿಭಾಗ ಇದೆ, ಅಲ್ಲಿ ವಿಚಾರಿಸಿ. ಧಾರವಾಡದಲ್ಲಿ ಸರಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಮ್ಮ ಕಡೆ "ಧಾರವಾಡಕ್ಕ ಕಳಸಬೇಕು ನಿನ್ನ" ಅಂತ ಬೈತಾರೆ, ಆ ಬೈಗುಳ ಕೇಳಿ ಕೇಳಿಯೇ ಎಷ್ಟೋ ಜನ ಹೋಗೋದನ್ನು ಬಿಟ್ಟಿದ್ದಾರೆ. ಅದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಮನೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೌಪ್ಯತೆ ನಿಮ್ಮ ಹಕ್ಕು. ಜೀವಕ್ಕೆ ಅಪಾಯ ಅನಿಸಿದಾಗ, ಕೋರ್ಟ್ ಕೇಳಿದಾಗ, ಇಂಥ ಕೆಲವು ಸಂದರ್ಭದಲ್ಲಿ ಮಾತ್ರ ಬೇರೆಯವರಿಗೆ ಹೇಳಬೇಕಾಗಬಹುದು. ಯಾವಾಗ ಹೇಳ್ತೀರಿ, ಯಾರಿಗೆ ಹೇಳ್ತೀರಿ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಇನ್ನು ಜಾಗ. ನಮ್ಮ ಮನೆಯಲ್ಲಿ ಗೋಡೆಗೂ ಕಿವಿ, ಅದಕ್ಕೆ ನಾನು ಮಾಳಿಗೆ ಮೇಲೆ ನೀರಿನ ಟಾಕಿ ನೆರಳಲ್ಲಿ ಕೂತು, ಇಯರ್‌ಫೋನ್ ಹಾಕಿಕೊಂಡು ಮಾತಾಡ್ತಿದ್ದೆ. ಯಾರಾದರೂ ಮೆಟ್ಟಿಲು ಹತ್ತಿದರೆ "ಹಾಲು ಉಕ್ಕತೈತ್ರಿ" ಅನ್ನಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ನಾನು ಹಾಗಂದ ಕೂಡಲೇ ಅವರು ಮಾತು ಬದಲಿಸಿ, ಮಕ್ಕಳ ಪರೀಕ್ಷೆ ಬಗ್ಗೆ ಕೇಳೋರು. ನೀವೂ ರೂಮು ಬಿಟ್ಟು ಬಾರಾ ಕಮಾನ್ ಹತ್ತಿರ ಹುಲ್ಲಿನ ಮೇಲೆ ಕೂತು ಮಾತಾಡಬಹುದು. ವಿಡಿಯೋ ಬೇಕೇ ಬೇಕು ಅಂತೇನಿಲ್ಲ, ಬರೀ ದನಿ ಸಾಕು.

ಮೊದಲ ಮೆಸೇಜ್ ಏನಂತ ಹಾಕೋದು ಅಂತ ತಿಳೀದಿದ್ದರೆ ಇದನ್ನೇ ಹಾಕಿ: "ನಮಸ್ಕಾರ ರೀ. ವಿಜಯಪುರದಿಂದ ಬರೀತಿದ್ದೀನಿ. ನಾಲ್ಕು ತಿಂಗಳಿಂದ ನಿದ್ದಿ ಇಲ್ಲ. ನಮ್ಮ ಕಡೆ ಕನ್ನಡದಾಗ ಮಾತಾಡಬೇಕು. ಒಂದು ಸೆಷನ್ನಿಗೆ ಎಷ್ಟು, ಯಾವಾಗ ಸಿಗ್ತೀರಿ?"