ಪುಷ್‌ಅಪ್ ಸಲೀಸು, ಪುಲ್‌ಅಪ್ ಮಾತ್ರ ಏಕಿಷ್ಟು ದಣಿಸುತ್ತದೆ?

ಒಂದೇ ಸಮನೆ 30 ಪುಷ್‌ಅಪ್ ಮುಗಿಸುವ ನಿಮಗೆ 4ನೇ ಪುಲ್‌ಅಪ್‌ಗೆ ತೋಳು ಸೋತು ಏದುಸಿರು ಬರುತ್ತದೆ, ಇದು ಬೆನ್ನಿನ ದೌರ್ಬಲ್ಯವೇ ಎಂದು ಕೇಳಿದ್ದೀರಿ. ಬೆನ್ನನ್ನು ದೂರುವ ಮೊದಲು, ಎರಡರಲ್ಲಿ ನೀವು ಎತ್ತುವ ಭಾರ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು.

ನನಗೂ ಇದೇ ಸಂಶಯವಿದ್ದಾಗ, ಮನೆಯ ತೂಕದ ಯಂತ್ರದ ಮೇಲೆ ಎರಡೂ ಅಂಗೈಗಳನ್ನು ಊರಿ ಪುಷ್‌ಅಪ್ ಭಂಗಿಯಲ್ಲಿ ನಿಂತು ನೋಡಿದೆ. ನನ್ನ ತೂಕ 72 ಕೆ.ಜಿ.; ತೋಳು ನೇರವಾಗಿದ್ದಾಗ ಮುಳ್ಳು 50ರ ಆಸುಪಾಸಿನಲ್ಲಿತ್ತು, ಎದೆಯನ್ನು ಇಳಿಸಿ ತಡೆದು ನಿಂತಾಗ 54ಕ್ಕೆ ಏರಿತು. ಉಳಿದ ಭಾರವನ್ನು ಕಾಲ್ಬೆರಳುಗಳು ಹೊತ್ತಿದ್ದವು. ಕಂಬಿಗೆ ಜೋತುಬಿದ್ದಾಗ ಹೀಗೆ ಹೆಗಲು ಕೊಡುವವರಿಲ್ಲ. ಹಸ್ತ ಮತ್ತು ಮುಂಗೈಗಳ ಸುಮಾರು 3 ಕೆ.ಜಿ. ಬಿಟ್ಟರೆ ಮಿಕ್ಕ ಮೈಯೆಲ್ಲ ಮೇಲೇರಬೇಕು. ನಾನು ಒಂದು ಬಾರಿಗೆ ಎಳೆಯಬಲ್ಲ ಗರಿಷ್ಠ ಭಾರ 80 ಕೆ.ಜಿ. ಎಂದಿಟ್ಟುಕೊಂಡರೆ, ಪ್ರತಿ ಪುಲ್‌ಅಪ್ ಅದರ ಶೇ. 85ನ್ನು ದಾಟುತ್ತದೆ. ಶಕ್ತಿಯ ಮಿತಿಗೆ ಭಾರ ಅಷ್ಟು ಹತ್ತಿರವಾದಾಗ ಎಣಿಕೆ ಸ್ವಲ್ಪ ಇಳಿಯುವುದಿಲ್ಲ, ಕುಸಿದೇ ಬೀಳುತ್ತದೆ.

ಆದರೆ ಭಾರವೊಂದೇ ಕಾರಣವಾಗಿದ್ದರೆ ಡಿಪ್ಸ್ (ಅಕ್ಕಪಕ್ಕದ ಎರಡು ಕಂಬಿಗಳ ಮೇಲೆ ಕೈಯೂರಿ ಮೈಯನ್ನು ಇಳಿಸಿ ಏರಿಸುವ ಕಸರತ್ತು) ಕೂಡ ಅಷ್ಟೇ ಕಾಡಬೇಕಿತ್ತು, ಏಕೆಂದರೆ ಅಲ್ಲಿಯೂ ಹೆಚ್ಚುಕಡಿಮೆ ಇಡೀ ದೇಹವನ್ನೇ ಎತ್ತುತ್ತೇವೆ. ನಾನು ಡಿಪ್ಸ್ 12 ಮಾಡುತ್ತೇನೆ, ಪುಲ್‌ಅಪ್ 6 ಆಗುವಷ್ಟರಲ್ಲಿ ಸಾಕಾಗುತ್ತದೆ. ನನ್ನ ಮಟ್ಟಿಗೆ ಇದರ ಗುಟ್ಟು ಇರುವುದು ವಿಶ್ರಾಂತಿಯ ಜಾಗದಲ್ಲಿ. ಡಿಪ್ಸ್‌ನಲ್ಲಾಗಲಿ ಪುಷ್‌ಅಪ್‌ನಲ್ಲಾಗಲಿ, ಮೇಲೆ ಬಂದು ಮೊಣಕೈ ನೇರ ಮಾಡಿದೊಡನೆ ಭಾರದ ಬಹುಪಾಲು ಮೂಳೆಗಳ ಮೇಲೆ ಕೂರುತ್ತದೆ, ಒಂದೆರಡು ಉಸಿರು ಎಳೆದುಕೊಳ್ಳಬಹುದು. ಪುಲ್‌ಅಪ್‌ನಲ್ಲಿ ವಿಶ್ರಾಂತಿ ಎಂದರೆ ಕೆಳಗೆ ನೇತಾಡುವುದು, ಮತ್ತು ಆಗಲೂ ಬೆರಳುಗಳಿಗೆ ಬಿಡುವಿಲ್ಲ. ಒದ್ದೆ ಕಂಬಳಿ ಹಿಂಡಿದವರಿಗೆ ಮುಂಗೈಯ ಆ ಉರಿ ಗೊತ್ತಿರುತ್ತದೆ: ಬಿಗಿದು ಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುವುದರಿಂದ ರಕ್ತದ ಹರಿವು ತಗ್ಗಿ, ಆಯಾಸ ಬೇಗ ಸೇರಿಕೊಳ್ಳುತ್ತದೆ. ಇಂಥ ಬಿಗಿಹಿಡಿತ ರಕ್ತದೊತ್ತಡವನ್ನೂ ಎದೆಬಡಿತವನ್ನೂ ಏರಿಸುತ್ತದೆ. ಜೊತೆಗೆ ನಾವು ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ, ಏದುಸಿರಿಗೆ ಇದೂ ಒಂದು ಕಾರಣ. ಪುಲ್‌ಅಪ್ ಮಾಡಿದ ದಿನ ಮನೆಗೆ ಮರಳುವಾಗ ಬೈಕಿನ ಕ್ಲಚ್ ಹಿಡಿಯುವುದೇ ನನಗೆ ಕಷ್ಟವಾಗುತ್ತದೆ. ಪುಷ್‌ಅಪ್ ಮಾಡಿದ ದಿನ ಹಾಗಾದದ್ದಿಲ್ಲ.

ನಿಮ್ಮ ಬೆನ್ನನ್ನು ಪರೀಕ್ಷಿಸಲೇಬೇಕೆಂದಿದ್ದರೆ, ಸೊಂಟದೆತ್ತರದ ಗಟ್ಟಿ ಕಂಬಿಯ ಕೆಳಗೆ ಅಂಗಾತ ಮಲಗಿ, ಹಿಮ್ಮಡಿಗಳನ್ನು ನೆಲಕ್ಕೂರಿ, ಮೈಯನ್ನು ಹಲಗೆಯಂತೆ ನೆಟ್ಟಗೆ ಇಟ್ಟುಕೊಂಡು ಎದೆಯನ್ನು ಕಂಬಿಯವರೆಗೆ ಎಳೆದು ನೋಡಿ. ಪುಷ್‌ಅಪ್‌ನಲ್ಲಿದ್ದಂತೆ ಇಲ್ಲಿಯೂ ಪಾದಗಳು ಭಾರದಲ್ಲಿ ಪಾಲು ಹೊರುವುದರಿಂದ ಹೋಲಿಕೆ ನ್ಯಾಯವಾಗಿರುತ್ತದೆ. ಇದನ್ನು 15 ಬಾರಿ ಸರಾಗವಾಗಿ ಮಾಡಿದಿರಾದರೆ ಬೆನ್ನನ್ನು ಅನುಮಾನಿಸಬೇಕಾಗಿಲ್ಲ. ಬೆರಳುಗಳೇ ಮೊದಲು ಜಾರಿದರೆ, ವಾರದಲ್ಲಿ ಮೂರು ದಿನ ಕಂಬಿಗೆ ಸುಮ್ಮನೆ ಜೋತುಬೀಳುವುದರಿಂದ ಆರಂಭಿಸಿ.